ನೆಟ್‌ವರ್ಕ್ ಹೋದರೆ ಜಿಪಿಎಸ್ ಕೂಡ ಹೋಗುತ್ತದೆಯೇ? ಹೊನ್ನಾವರದ ಕಾಡು-ಕಡಲಿನ ನಡುವೆ ಜಿಯೋಕ್ಯಾಶಿಂಗ್ ಕಲಿಸುವ ಪಾಠ

ಚಾರಣ, ಪ್ರವಾಸ, ಮಳೆಗಾಲದ ಜಲಪಾತದ ಸೀಸನ್ ಶುರುವಾದ ಕೂಡಲೇ ವಾಟ್ಸಾಪ್ ಗುಂಪುಗಳಲ್ಲಿ ಕೆಲವು ಸಂದೇಶಗಳು ಮತ್ತೆ ಮತ್ತೆ ಸುತ್ತುತ್ತವೆ. "ನೆಟ್ ಇಲ್ಲದ ಕಡೆ ಜಿಪಿಎಸ್ ಕೆಲಸ ಮಾಡುವುದಿಲ್ಲ" ಎನ್ನುತ್ತದೆ ಒಂದು. "ಲೊಕೇಶನ್ ಆನ್ ಇಟ್ಟುಕೊಳ್ಳಿ, ಎಲ್ಲಿದ್ದರೂ ನಿಮ್ಮನ್ನು ಪತ್ತೆ ಹಚ್ಚುತ್ತಾರೆ" ಎನ್ನುತ್ತದೆ ಇನ್ನೊಂದು. "ಈ ಆಪ್ ಹಾಕಿಕೊಂಡರೆ ನೆಲದಡಿಯ ಚಿನ್ನ ಫೋನಿನಲ್ಲೇ ಕಾಣುತ್ತದೆ" ಎನ್ನುವುದು ಮೂರನೆಯದು.

ಮೂರೂ ತಪ್ಪು. ಮೊದಲನೆಯದನ್ನು ನಂಬಿದವರು ಕೈಯಲ್ಲಿರುವ ಸಾಧನವನ್ನು ಬಳಸದೆ ದಾರಿ ತಪ್ಪುತ್ತಾರೆ. ಎರಡನೆಯದನ್ನು ನಂಬಿದವರು ಯಾರಿಗೂ ಹೇಳದೆ ಕಾಡಿಗೆ ಹೋಗುತ್ತಾರೆ. ಮೂರನೆಯದನ್ನು ನಂಬಿದವರು ಹಣವನ್ನೂ ಕಳೆದುಕೊಂಡು ಪೊಲೀಸ್ ಠಾಣೆಯನ್ನೂ ನೋಡಬೇಕಾಗಬಹುದು.

ಈ ಮೂರನ್ನೂ ಒಟ್ಟಿಗೆ ಅರ್ಥ ಮಾಡಿಕೊಳ್ಳಲು ಒಂದು ಆಟ ಇದೆ. ಅದರ ಹೆಸರು ಜಿಯೋಕ್ಯಾಶಿಂಗ್. ಆಟದ ಜೊತೆಗೇ ಫೋನಿನೊಳಗಿನ ವಿಜ್ಞಾನವನ್ನೂ ನೋಡೋಣ. ಉದಾಹರಣೆಗೆ ಹೊನ್ನಾವರವನ್ನು ಆರಿಸಿಕೊಂಡಿದ್ದೇವೆ. ಒಂದು ಕಡೆ ಅರಬ್ಬಿ ಸಮುದ್ರ, ಇನ್ನೊಂದು ಕಡೆ ಘಟ್ಟ, ನಡುವೆ ಶರಾವತಿಯ ಅಳಿವೆ. ಟವರ್ ಸಿಗ್ನಲ್ ಸಿಗದ ಜಾಗಗಳು ಕಡಲಿನಲ್ಲೂ ಇವೆ, ಕಾಡಿನಲ್ಲೂ ಇವೆ.

ಜಿಯೋಕ್ಯಾಶಿಂಗ್ ಅಂದರೇನು?

ಒಬ್ಬರು ಒಂದು ಸಣ್ಣ ಡಬ್ಬಿಯನ್ನು ಎಲ್ಲೋ ಅಡಗಿಸಿಟ್ಟು, ಆ ಜಾಗದ ಅಕ್ಷಾಂಶ-ರೇಖಾಂಶವನ್ನು ಆಪ್‌ನಲ್ಲಿ ಹಾಕುತ್ತಾರೆ. ಉಳಿದವರು ಫೋನ್ ಹಿಡಿದು ಅದನ್ನು ಹುಡುಕುತ್ತಾರೆ. ಡಬ್ಬಿಯೊಳಗೆ ಒಂದು ಪುಟ್ಟ ಪುಸ್ತಕ ಅಥವಾ ಕಾಗದದ ಸುರುಳಿ ಇರುತ್ತದೆ. ಸಿಕ್ಕವರು ಹೆಸರು, ದಿನಾಂಕ ಬರೆದು ಡಬ್ಬಿಯನ್ನು ಇದ್ದಲ್ಲೇ ಇಡುತ್ತಾರೆ. ಕೆಲವು ಡಬ್ಬಿಗಳಲ್ಲಿ ಆಟಿಕೆ, ಬ್ಯಾಡ್ಜ್‌ನಂಥ ಸಣ್ಣ ವಸ್ತುಗಳಿರುತ್ತವೆ. ಒಂದನ್ನು ತೆಗೆದುಕೊಂಡರೆ ಅಷ್ಟೇ ಬೆಲೆಯ ಇನ್ನೊಂದನ್ನು ಹಾಕಬೇಕು. ಇಷ್ಟೇ ಆಟ. ಬಹುಮಾನ ಇಲ್ಲ, ಚಿನ್ನ-ಬೆಳ್ಳಿ ಇಲ್ಲ.

ಈ ಆಟ ಹುಟ್ಟಿದ ದಿನ ದಾಖಲಾಗಿದೆ. ಜಿಪಿಎಸ್ ಅಮೆರಿಕದ ಸೇನೆಯ ವ್ಯವಸ್ಥೆ. ಮೊದಲೆಲ್ಲ ಜನಸಾಮಾನ್ಯರಿಗೆ ಸಿಗುವ ಸಿಗ್ನಲ್‌ನಲ್ಲಿ ಬೇಕೆಂದೇ ತಪ್ಪು ಬೆರೆಸುತ್ತಿದ್ದರು. ಹಾಗಾಗಿ ಸ್ಥಾನ ಸುಮಾರು 100 ಮೀಟರ್‌ವರೆಗೂ ಆಚೀಚೆ ತೋರಿಸುತ್ತಿತ್ತು. 2000ದ ಮೇ 2ರಂದು ಈ ಬೆರಕೆಯನ್ನು ನಿಲ್ಲಿಸಿದರು. ಮರುದಿನವೇ, ಮೇ 3ರಂದು, ಡೇವ್ ಉಲ್ಮರ್ ಎಂಬವರು ಅಮೆರಿಕದ ಒರೆಗಾನ್ ರಾಜ್ಯದ ಬೀವರ್‌ಕ್ರೀಕ್ ಬಳಿ ಒಂದು ಬಕೆಟ್ ಅಡಗಿಸಿ, ಅದರ ಅಂಕಿಗಳನ್ನು ಅಂತರ್ಜಾಲದಲ್ಲಿ ಹಾಕಿದರು. ಈಗ ನಿಜಕ್ಕೂ ಅಷ್ಟು ನಿಖರವಾಗಿ ಹುಡುಕಬಹುದೇ ಎಂಬ ಪರೀಕ್ಷೆ ಅದು. ಮೂರೇ ದಿನಗಳಲ್ಲಿ ಅದನ್ನು ಹುಡುಕಿದವರು ಸಿಕ್ಕರು. ಅದೇ ವರ್ಷ ಆಟಕ್ಕೆ ಹೆಸರೂ ವೆಬ್‌ಸೈಟೂ ಬಂದವು. ಇಂದು ಪ್ರಪಂಚದಾದ್ಯಂತ ಇಂಥ ಡಬ್ಬಿಗಳ ಸಂಖ್ಯೆ 30 ಲಕ್ಷ ದಾಟಿದೆ. ಭಾರತದಲ್ಲಿ ಆಡುವವರು ಕಡಿಮೆ.

ಆಗ ಇದಕ್ಕೆ ಪ್ರತ್ಯೇಕ ಜಿಪಿಎಸ್ ಯಂತ್ರ ಬೇಕಿತ್ತು. ಈಗ ಅದೇ ಕೆಲಸ ಮಾಡುವ ಚಿಪ್ ಎಲ್ಲರ ಸ್ಮಾರ್ಟ್‌ಫೋನಿನೊಳಗೆ ಇದೆ.

ಫೋನಿಗೆ ತಾನಿರುವ ಜಾಗ ಹೇಗೆ ಗೊತ್ತಾಗುತ್ತದೆ?

ಸುಮಾರು 30 ಜಿಪಿಎಸ್ ಉಪಗ್ರಹಗಳು ಭೂಮಿಯಿಂದ ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುತ್ತಿವೆ. ಪ್ರತಿಯೊಂದೂ "ನಾನು ಇಂಥ ಉಪಗ್ರಹ, ಇಂಥ ಕಡೆ ಇದ್ದೇನೆ, ಈಗ ಗಂಟೆ ಇಷ್ಟು" ಎಂದು ರೇಡಿಯೋ ಮೂಲಕ ಹೇಳುತ್ತಲೇ ಇರುತ್ತದೆ. ಆ ಸಿಗ್ನಲ್ ಬೆಳಕಿನ ವೇಗದಲ್ಲಿ, ಅಂದರೆ ಸೆಕೆಂಡಿಗೆ ಸುಮಾರು 3 ಲಕ್ಷ ಕಿ.ಮೀ. ವೇಗದಲ್ಲಿ ಬರುತ್ತದೆ. ನೇರ ನೆತ್ತಿಯ ಮೇಲಿನ ಉಪಗ್ರಹದಿಂದ ಫೋನಿಗೆ ತಲುಪಲು ಸೆಕೆಂಡಿನ ನೂರರಲ್ಲಿ ಏಳು ಭಾಗದಷ್ಟು ಸಮಯ ಸಾಕು. ಎಷ್ಟು ತಡವಾಗಿ ಬಂತು ಎಂದು ಅಳೆದು ಫೋನ್ ದೂರವನ್ನು ಲೆಕ್ಕ ಹಾಕುತ್ತದೆ.

ಮೂರು ಉಪಗ್ರಹಗಳಿಂದ ಇರುವ ದೂರ ಗೊತ್ತಾದರೆ ಜಾಗ ಗೊತ್ತಾಗುತ್ತದೆ. ಆದರೆ ಫೋನಿನ ಗಡಿಯಾರ ಉಪಗ್ರಹದ ಪರಮಾಣು ಗಡಿಯಾರದಷ್ಟು ಸರಿಯಾಗಿರುವುದಿಲ್ಲ. ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಭಾಗ ಹೆಚ್ಚುಕಮ್ಮಿಯಾದರೂ ಲೆಕ್ಕ 300 ಮೀಟರ್ ತಪ್ಪುತ್ತದೆ. ಈ ತಪ್ಪನ್ನು ಸರಿಮಾಡಲು ನಾಲ್ಕನೆಯ ಉಪಗ್ರಹ ಬೇಕು. ಆದ್ದರಿಂದ ಕನಿಷ್ಠ ನಾಲ್ಕು ಉಪಗ್ರಹಗಳು "ಕಾಣಬೇಕು".

ಇಲ್ಲಿ ಮುಖ್ಯವಾದ ಮಾತೊಂದಿದೆ. ಈ ವ್ಯವಹಾರದಲ್ಲಿ ಫೋನ್ ಏನನ್ನೂ ಕಳಿಸುವುದಿಲ್ಲ, ಬರೀ ಕೇಳಿಸಿಕೊಳ್ಳುತ್ತದೆ. ಕಾರವಾರ ಆಕಾಶವಾಣಿಯನ್ನು ಯಾರು ಯಾರು ಕೇಳುತ್ತಿದ್ದಾರೆ ಎಂದು ಆಕಾಶವಾಣಿಗೆ ಹೇಗೆ ಗೊತ್ತಾಗುವುದಿಲ್ಲವೋ, ಹಾಗೆಯೇ ನೀವು ಎಲ್ಲಿದ್ದೀರಿ ಎಂದು ಜಿಪಿಎಸ್ ಉಪಗ್ರಹಕ್ಕೆ ಗೊತ್ತಾಗುವುದಿಲ್ಲ. "ಲೊಕೇಶನ್ ಆನ್ ಮಾಡಿದರೆ ಉಪಗ್ರಹ ನಿಮ್ಮನ್ನು ನೋಡುತ್ತದೆ" ಎಂಬ ಮಾತು ಸುಳ್ಳು. ಫೋನಿನಲ್ಲಿರುವ ಆಪ್‌ಗಳು ಇಂಟರ್‌ನೆಟ್ ಮೂಲಕ ನಿಮ್ಮ ಸ್ಥಾನವನ್ನು ಬೇರೆಡೆಗೆ ಕಳಿಸಬಹುದು ಎಂಬುದು ನಿಜ. ಆದರೆ ಅದು ನೀವು ಆಪ್‌ಗೆ ಕೊಟ್ಟ ಅನುಮತಿಯ ವಿಷಯ, ಉಪಗ್ರಹದ್ದಲ್ಲ.

ನಮ್ಮದೇ ಉಪಗ್ರಹಗಳೂ ಇವೆ

ಭಾರತದ ಸ್ವಂತ ವ್ಯವಸ್ಥೆಯ ಹೆಸರು ನಾವಿಕ್. ಇದರ ಮೊದಲ ಉಪಗ್ರಹ 2013ರ ಜುಲೈನಲ್ಲಿ, ಏಳನೆಯದು 2016ರ ಏಪ್ರಿಲ್‌ನಲ್ಲಿ ಹಾರಿದವು. ಇದರ ಕೆಲಸದಲ್ಲಿ ಕರ್ನಾಟಕದ ಪಾಲು ದೊಡ್ಡದು. ಇಸ್ರೋದ ನ್ಯಾವಿಗೇಶನ್ ಕೇಂದ್ರ ಇರುವುದು ಬೆಂಗಳೂರಿನ ಹತ್ತಿರದ ಬ್ಯಾಲಾಳಿನಲ್ಲಿ. ಇತ್ತೀಚಿನ ಹಲವು ಫೋನುಗಳು ಅಮೆರಿಕದ ಜಿಪಿಎಸ್ ಜೊತೆಗೆ ರಷ್ಯಾದ ಗ್ಲೊನಾಸ್, ಯುರೋಪಿನ ಗೆಲಿಲಿಯೊ, ಚೀನಾದ ಬೈಡು ಉಪಗ್ರಹಗಳನ್ನೂ ಕೇಳಿಸಿಕೊಳ್ಳುತ್ತವೆ. ಕೆಲವು ನಾವಿಕ್ ಅನ್ನೂ ಹಿಡಿಯುತ್ತವೆ. ಹೆಚ್ಚು ಉಪಗ್ರಹ ಸಿಕ್ಕಷ್ಟೂ ಘಟ್ಟದ ಕಣಿವೆಯಂಥ ಕಡೆ ಅನುಕೂಲ. ಮಾತಿನ ಸುಲಭಕ್ಕೆ ಇಲ್ಲಿ ಎಲ್ಲವನ್ನೂ ಸೇರಿಸಿ ಜಿಪಿಎಸ್ ಎಂದೇ ಕರೆಯುತ್ತೇವೆ.

ಹಾಗಾದರೆ ನೆಟ್ ಇಲ್ಲದಾಗ ಏಕೆ ಕೈಕೊಟ್ಟಂತೆ ಕಾಣುತ್ತದೆ?

ಗೇರುಸೊಪ್ಪೆಯಿಂದ ಮಾವಿನಗುಂಡಿಯತ್ತ ಘಟ್ಟ ಏರುವಾಗ ಸಿಗ್ನಲ್ ಹೋಯಿತು ಎಂದಿಟ್ಟುಕೊಳ್ಳಿ. ಮ್ಯಾಪ್ ತೆರೆದರೆ ಬೂದುಬಣ್ಣದ ಚೌಕಗಳು ಮಾತ್ರ. "ನೋಡಿ, ಜಿಪಿಎಸ್ ಹೋಯ್ತು" ಅನ್ನುತ್ತೇವೆ. ಹೋದದ್ದು ಜಿಪಿಎಸ್ ಅಲ್ಲ, ನಕ್ಷೆ. ನೀಲಿ ಚುಕ್ಕೆ ಉಪಗ್ರಹದಿಂದ ಬರುತ್ತದೆ, ಅದರ ಕೆಳಗಿನ ರಸ್ತೆ, ಊರು, ಹೊಳೆಯ ಚಿತ್ರ ಇಂಟರ್‌ನೆಟ್‌ನಿಂದ ಬರುತ್ತದೆ. ನೆಟ್ ಹೋದಾಗ ಚಿತ್ರ ಬರುವುದು ನಿಲ್ಲುತ್ತದೆ, ಚುಕ್ಕೆ ಅಲ್ಲೇ ಇರುತ್ತದೆ.

ಎರಡನೆಯ ಕಾರಣ ತಡ. ಯಾವ ಉಪಗ್ರಹ ಎಲ್ಲಿದೆ ಎಂಬ ವಿವರ ಸಿಗದೆ ಫೋನ್ ಲೆಕ್ಕ ಶುರುಮಾಡಲಾರದು. ನೆಟ್ ಇದ್ದರೆ ಆ ವಿವರ ಕ್ಷಣದಲ್ಲಿ ಸಿಗುತ್ತದೆ. ನೆಟ್ ಇಲ್ಲದಿದ್ದರೆ ಉಪಗ್ರಹದಿಂದಲೇ ಇಳಿಸಿಕೊಳ್ಳಬೇಕು. ಅದರ ವೇಗ ಸೆಕೆಂಡಿಗೆ ಕೇವಲ 50 ಬಿಟ್. ಒಂದು ಉಪಗ್ರಹ ತನ್ನ ಸ್ಥಾನದ ವಿವರವನ್ನು ಪ್ರತಿ 30 ಸೆಕೆಂಡಿಗೊಮ್ಮೆ ಹೇಳುತ್ತದೆ. ಎಲ್ಲ ಉಪಗ್ರಹಗಳ ಪೂರ್ತಿ ಪಟ್ಟಿ ಬರಲು ಹನ್ನೆರಡೂವರೆ ನಿಮಿಷ ಬೇಕು. ಹಾಗಾಗಿ ಮೊದಲ ಬಾರಿ ಸ್ಥಾನ ಸಿಗಲು ಅರ್ಧ ನಿಮಿಷದಿಂದ ಕೆಲವು ನಿಮಿಷಗಳು ಹಿಡಿಯಬಹುದು. ನಾವು ಹತ್ತು ಸೆಕೆಂಡ್ ನೋಡಿ ಫೋನನ್ನು ಜೇಬಿಗೆ ಹಾಕುತ್ತೇವೆ.

ನಂಬಿಕೆ ಬಾರದಿದ್ದರೆ ಧಕ್ಕೆಗೆ ಹೋಗಿ ಕೇಳಬಹುದು. ಕಾಸರಕೋಡಿನ ಟೊಂಕ, ಕುಮಟಾದ ತದಡಿ, ಭಟ್ಕಳದ ಬಂದರಿನಿಂದ ಹೊರಡುವ ಬೋಟುಗಳು ಟವರ್ ಸಿಗ್ನಲ್ ದಾಟಿ ದೂರ ಹೋಗುತ್ತವೆ. ದಡದಿಂದ ಸಾಮಾನ್ಯವಾಗಿ 10-12 ಕಿ.ಮೀ. ಆಚೆಗೆ ಮೊಬೈಲ್ ಸಿಗ್ನಲ್ ಸಿಗುವುದಿಲ್ಲ. ಆದರೂ ಮೀನುಗಾರರು ಮೀನು ಸಿಕ್ಕ ಜಾಗವನ್ನು, ಬಲೆ ಹರಿಯುವ ಬಂಡೆಯ ಜಾಗವನ್ನು ಜಿಪಿಎಸ್‌ನಲ್ಲಿ ಉಳಿಸಿಟ್ಟು ಮತ್ತೆ ಅಲ್ಲಿಗೇ ಹೋಗಿ ಬರುತ್ತಾರೆ. ಜಿಪಿಎಸ್‌ಗೆ ನೆಟ್ ಬೇಕಿದ್ದರೆ ಅವರು ದಡಕ್ಕೆ ಮರಳುವುದೇ ಕಷ್ಟವಾಗುತ್ತಿತ್ತು.

ಮನೆಯಲ್ಲೇ ಪರೀಕ್ಷೆ ಮಾಡಬಹುದು. ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಲೊಕೇಶನ್ ಆನ್ ಇರಲಿ. ಅಂಗಳಕ್ಕೆ ಬಂದು ಮೇಲೆ ಆಕಾಶ ಕಾಣುವಂತೆ ನಿಲ್ಲಿ. ಮ್ಯಾಪ್ ತೆರೆದು ಎರಡು-ಮೂರು ನಿಮಿಷ ಕಾಯಿರಿ. ನೀಲಿ ಚುಕ್ಕೆ ನಿಮ್ಮ ಅಂಗಳಕ್ಕೆ ಬಂದು ಕೂರುವುದನ್ನು ನೋಡುತ್ತೀರಿ.

ಹೊರಡುವ ಮುನ್ನ ಮಾಡಬೇಕಾದ ಕೆಲಸ ಒಂದೇ: ವೈಫೈ ಇರುವಾಗಲೇ ಆ ಭಾಗದ ನಕ್ಷೆಯನ್ನು ಆಫ್‌ಲೈನ್ ಆಗಿ ಇಳಿಸಿಕೊಳ್ಳಿ. ಗೂಗಲ್ ಮ್ಯಾಪ್ಸ್‌ನಲ್ಲಿ ಈ ಸೌಲಭ್ಯ ಇದೆ. ಜಿಯೋಕ್ಯಾಶಿಂಗ್ ಆಡುವವರು ನಕ್ಷೆಯ ಜೊತೆಗೆ ಡಬ್ಬಿಯ ವಿವರವನ್ನೂ ಹೀಗೆ ಮೊದಲೇ ಉಳಿಸಿಕೊಳ್ಳುತ್ತಾರೆ.

ಒಂದು ಚುಕ್ಕೆ ತಪ್ಪಿದರೆ ಹೊನ್ನಾವರ ಘಟ್ಟ ಹತ್ತುತ್ತದೆ

ಈ ಆಟದಲ್ಲಿ ಅಂಕಿ ಓದುವುದು ಅರ್ಧ ವಿದ್ಯೆ. ಹೊನ್ನಾವರ ಪಟ್ಟಣ ಇರುವುದು ಸುಮಾರು 14.28 ಡಿಗ್ರಿ ಉತ್ತರ ಅಕ್ಷಾಂಶ, 74.45 ಡಿಗ್ರಿ ಪೂರ್ವ ರೇಖಾಂಶದಲ್ಲಿ. ಇದೇ ಅಕ್ಷಾಂಶವನ್ನು ಮೂರು ರೀತಿ ಬರೆಯಬಹುದು:

• ದಶಮಾಂಶ ಡಿಗ್ರಿ: 14.28°
• ಡಿಗ್ರಿ ಮತ್ತು ನಿಮಿಷ: 14° 16.8′
• ಡಿಗ್ರಿ, ನಿಮಿಷ, ಸೆಕೆಂಡ್: 14° 16′ 48″

ಮೂರೂ ಒಂದೇ ಜಾಗ. ಗೂಗಲ್ ಮ್ಯಾಪ್ಸ್ ಸಾಮಾನ್ಯವಾಗಿ ಮೊದಲನೆಯದನ್ನು ತೋರಿಸುತ್ತದೆ. ಜಿಯೋಕ್ಯಾಶಿಂಗ್‌ನಲ್ಲಿ ಎರಡನೆಯದು ಬಳಕೆಯಲ್ಲಿದೆ.

ಈಗ ಯಾರೋ ಫೋನಿನಲ್ಲಿ "ಹದಿನಾಲ್ಕು ಪಾಯಿಂಟ್ ಎರಡು ಎಂಟು" ಎಂದರು, ಕೇಳಿದವರು 14° 28′ ಎಂದು ಬರೆದುಕೊಂಡರು. ಜಾಗ ಸುಮಾರು 20 ಕಿ.ಮೀ. ಉತ್ತರಕ್ಕೆ ಹೋಯಿತು. 74.45 ಅನ್ನೂ ಹಾಗೆಯೇ 74° 45′ ಎಂದು ಬರೆದರೆ ಸುಮಾರು 32 ಕಿ.ಮೀ. ಪೂರ್ವಕ್ಕೆ ಹೋಯಿತು. ಹೊನ್ನಾವರದಲ್ಲಿ ಇರುವವರನ್ನು ಹುಡುಕಲು ಜನ ಘಟ್ಟದ ಮೇಲೆ ಶಿರಸಿ-ಸಿದ್ದಾಪುರದ ಕಡೆ ಹೋಗುತ್ತಾರೆ. ಇನ್ನು ಎರಡು ಅಂಕಿಗಳನ್ನು ಅದಲುಬದಲು ಮಾಡಿದರಂತೂ ನಾರ್ವೆಯ ಉತ್ತರದ ಕೊರೆಯುವ ಸಮುದ್ರಕ್ಕೆ ಹೋಗಿ ಬೀಳುತ್ತೀರಿ. ಭಾರತದ ಮಟ್ಟಿಗೆ ನೆನಪಿಡಲು ಸುಲಭ ಸೂತ್ರ: ಚಿಕ್ಕ ಸಂಖ್ಯೆ ಮೊದಲು, ದೊಡ್ಡದು ಆಮೇಲೆ.

ಚುಕ್ಕೆಯ ನಂತರ ಎಷ್ಟು ಅಂಕಿ ಬೇಕು ಎಂಬುದೂ ಮುಖ್ಯ. ಅಕ್ಷಾಂಶದಲ್ಲಿ ಒಂದು ಡಿಗ್ರಿ ಸುಮಾರು 111 ಕಿ.ಮೀ. ಆದ್ದರಿಂದ:

• ಎರಡು ಅಂಕಿ (14.28): ಸುಮಾರು 1.1 ಕಿ.ಮೀ.ವರೆಗಿನ ಲೆಕ್ಕ
• ಮೂರು ಅಂಕಿ: ಸುಮಾರು 110 ಮೀಟರ್
• ನಾಲ್ಕು ಅಂಕಿ: ಸುಮಾರು 11 ಮೀಟರ್
• ಐದು ಅಂಕಿ: ಸುಮಾರು 1 ಮೀಟರ್

ನಾಲ್ಕು ಅಥವಾ ಐದು ಅಂಕಿ ಹೇಳಿದರೆ ಸಾಕು. ಅದಕ್ಕಿಂತ ಹೆಚ್ಚು ಹೇಳಿ ಪ್ರಯೋಜನವಿಲ್ಲ, ಫೋನಿಗೇ ಅಷ್ಟು ನಿಖರತೆ ಇಲ್ಲ. ಅಂಕಿ ಕಷ್ಟ ಎನ್ನುವವರಿಗೆ ಅಂಚೆ ಇಲಾಖೆ 2025ರಲ್ಲಿ ತಂದ ಡಿಜಿಪಿನ್ ಇದೆ. ದೇಶವನ್ನೆಲ್ಲ ಸುಮಾರು 4 ಮೀಟರ್ ಚೌಕಗಳಾಗಿ ಹಂಚಿ, ಪ್ರತಿ ಚೌಕಕ್ಕೂ ಅಕ್ಷರ-ಅಂಕಿ ಸೇರಿ 10 ಸ್ಥಾನಗಳ ಒಂದು ಸಂಕೇತ ಕೊಟ್ಟಿದ್ದಾರೆ.

ಕೊನೆಯ ಹತ್ತು ಮೀಟರ್

ತೆರೆದ ಬಯಲಿನಲ್ಲಿ ಸಾಮಾನ್ಯ ಸ್ಮಾರ್ಟ್‌ಫೋನ್ ಸುಮಾರು 5 ಮೀಟರ್‌ವರೆಗೆ ಸರಿಯಾಗಿ ಹೇಳುತ್ತದೆ. ಕಾಸರಕೋಡಿನ ಕಡಲತೀರದಲ್ಲಿ ನಿಂತರೆ ಹೆಚ್ಚುಕಮ್ಮಿ ಇದೇ ಫಲಿತಾಂಶ ನಿರೀಕ್ಷಿಸಬಹುದು. ಅಲ್ಲೇ ಪಕ್ಕದ ಕಾಂಡ್ಲಾ ಗಿಡಗಳ ನಡುವೆ, ದಟ್ಟ ಅಡಿಕೆ ತೋಟದಲ್ಲಿ, ಅಪ್ಸರಕೊಂಡದಂಥ ಗುಡ್ಡದ ಸಂದಿನಲ್ಲಿ ಅದು ಕೆಡುತ್ತದೆ. ಕಾರಣ ಎರಡು. ಒಂದು, ನೆಲ ತಲುಪುವ ಹೊತ್ತಿಗೆ ಸಿಗ್ನಲ್ ಬಹಳ ಕ್ಷೀಣವಾಗಿರುತ್ತದೆ, ಒದ್ದೆ ಎಲೆಗಳು ಅದನ್ನು ಇನ್ನಷ್ಟು ತಡೆಯುತ್ತವೆ. ಎರಡು, ಬಂಡೆಗೋಡೆಗೆ ಬಡಿದು ಬಂದ ಸಿಗ್ನಲ್ ನೇರ ಬಂದದ್ದಕ್ಕಿಂತ ಉದ್ದ ದಾರಿ ಕ್ರಮಿಸಿರುತ್ತದೆ, ಲೆಕ್ಕ ತಪ್ಪುತ್ತದೆ. ಮ್ಯಾಪ್‌ನಲ್ಲಿ ಚುಕ್ಕೆಯ ಸುತ್ತ ತಿಳಿನೀಲಿ ವೃತ್ತ ಕಂಡರೆ ಅದರ ಅರ್ಥ "ನೀವು ಈ ವೃತ್ತದೊಳಗೆ ಎಲ್ಲೋ ಇದ್ದೀರಿ" ಎಂದು. ವೃತ್ತ ದೊಡ್ಡದಾದಷ್ಟೂ ಅನುಮಾನ ಹೆಚ್ಚು.

ಆದ್ದರಿಂದ ಅನುಭವಸ್ಥ ಆಟಗಾರರು ಹತ್ತು ಮೀಟರ್ ಹತ್ತಿರ ಬಂದ ಮೇಲೆ ಪರದೆ ನೋಡುವುದನ್ನು ಬಿಟ್ಟು ಸುತ್ತಲೂ ನೋಡುತ್ತಾರೆ. ನಿಂತಲ್ಲೇ ನಿಂತಾಗ ದಿಕ್ಕು ತೋರಿಸುವ ಬಾಣ ಸುಮ್ಮನೆ ತಿರುಗಬಹುದು. ಆ ದಿಕ್ಕು ಫೋನಿನೊಳಗಿನ ಕಾಂತಸಂವೇದಕದಿಂದ ಬರುತ್ತದೆ. ಕವರ್‌ನಲ್ಲಿ ಆಯಸ್ಕಾಂತ ಇದ್ದರೆ, ಪಕ್ಕದಲ್ಲಿ ಬೈಕ್ ಇದ್ದರೆ ದಿಕ್ಕು ತಪ್ಪುತ್ತದೆ. ಕವರ್ ತೆಗೆದು ಫೋನನ್ನು ಗಾಳಿಯಲ್ಲಿ ಇಂಗ್ಲಿಷ್ ಎಂಟರ (8) ಆಕಾರದಲ್ಲಿ ಕೆಲವು ಸಲ ಆಡಿಸಿದರೆ ಸಾಮಾನ್ಯವಾಗಿ ಸರಿಯಾಗುತ್ತದೆ.

ಫೋನಿಗೆ ಗೊತ್ತು, ಆದರೆ ಬೇರೆಯವರಿಗೆ?

ಈ ಲೇಖನದ ಅತಿ ಮುಖ್ಯ ಭಾಗ ಇದು. ನೆಟ್ ಇಲ್ಲದೆಯೂ ನೀವು ಎಲ್ಲಿದ್ದೀರಿ ಎಂದು ನಿಮ್ಮ ಫೋನಿಗೆ ಗೊತ್ತು. ಅದನ್ನು ಇನ್ನೊಬ್ಬರಿಗೆ ಮುಟ್ಟಿಸಲು ಮಾತ್ರ ಟವರ್ ಬೇಕೇ ಬೇಕು. "ಲೊಕೇಶನ್ ಆನ್ ಇದೆ, ಹುಡುಕುತ್ತಾರೆ" ಎಂಬ ಧೈರ್ಯ ಇಲ್ಲಿ ಕೈಕೊಡುತ್ತದೆ.

2024ರ ಜುಲೈ 16ರಂದು ನಮ್ಮ ಜಿಲ್ಲೆಯದೇ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿಯಿತು. ಕೇರಳದ ಚಾಲಕರೊಬ್ಬರ ಲಾರಿ ಕಾಣೆಯಾಯಿತು. ಲಾರಿಯ ಜಿಪಿಎಸ್ ಕೊನೆಯದಾಗಿ ತೋರಿಸಿದ್ದು ಕುಸಿತದ ಜಾಗವನ್ನೇ. ರಸ್ತೆಯ ಮೇಲಿನ ಮಣ್ಣಿನ ರಾಶಿಯಲ್ಲಿ ದಿನಗಟ್ಟಲೆ ಹುಡುಕಾಟ ನಡೆಯಿತು. ಲಾರಿ ಸಿಕ್ಕಿದ್ದು ಸೆಪ್ಟೆಂಬರ್ 25ರಂದು, ಗಂಗಾವಳಿ ನದಿಯ ನೀರಿನೊಳಗೆ. ಮಣ್ಣಿನ ಅಡಿಗೂ ನೀರಿನ ಅಡಿಗೂ ಜಿಪಿಎಸ್ ಸಿಗ್ನಲ್ ಇಳಿಯುವುದಿಲ್ಲ, ಅಲ್ಲಿಂದ ಮೊಬೈಲ್ ಸಂದೇಶವೂ ಹೊರಡುವುದಿಲ್ಲ. ಸಾಧನ ಹೇಳಬಲ್ಲದ್ದು "ಕೊನೆಯ ಸಲ ಮಾತಾಡಿದಾಗ ಎಲ್ಲಿದ್ದೆ" ಎಂದಷ್ಟೇ. ಈಗ ಎಲ್ಲಿದೆ ಎಂಬುದು ಬೇರೆ ಪ್ರಶ್ನೆ.

ವಾಟ್ಸಾಪ್‌ನಲ್ಲಿ ಲೈವ್ ಲೊಕೇಶನ್ ಕಳಿಸುವಾಗಲೂ ಇದೇ ಕತೆ. ಸಂದೇಶದ ಪಕ್ಕ ಗಡಿಯಾರದ ಗುರುತು ಇದ್ದರೆ ಅದು ಇನ್ನೂ ನಿಮ್ಮ ಫೋನಿನಲ್ಲೇ ಇದೆ. ಒಂದು ಟಿಕ್ ಇದ್ದರೆ ನಿಮ್ಮಿಂದ ಹೊರಟಿದೆ, ಅವರನ್ನು ತಲುಪಿಲ್ಲ. ಎರಡು ಟಿಕ್ ಬಂದರೆ ಮಾತ್ರ ತಲುಪಿದೆ ಎಂದರ್ಥ.

"112ಕ್ಕೆ ಸಿಗ್ನಲ್ ಇಲ್ಲದಿದ್ದರೂ ಕರೆ ಹೋಗುತ್ತದೆ" ಎಂಬ ಫಾರ್ವರ್ಡ್ ಅರ್ಧ ನಿಜ. ನಿಮ್ಮ ಸಿಮ್ ಕಂಪನಿಯ ಸಿಗ್ನಲ್ ಇಲ್ಲದಿದ್ದರೂ ಅಲ್ಲಿ ಬೇರೆ ಕಂಪನಿಯ ಸಿಗ್ನಲ್ ಇದ್ದರೆ ತುರ್ತು ಕರೆ ಅದರ ಮೂಲಕ ಹೋಗಬಹುದು. ಯಾವ ಕಂಪನಿಯ ಟವರೂ ಇಲ್ಲದ ಕಡೆ 112 ಕೂಡ ಹೋಗುವುದಿಲ್ಲ. ಹಾಗೆಯೇ "ಬ್ಯಾಟರಿ ಮುಗಿಯುವ ಮುನ್ನ ವಾಯ್ಸ್‌ಮೇಲ್ ಬದಲಿಸಿಟ್ಟರೆ ಬದುಕುತ್ತೀರಿ" ಎಂಬ ವಿದೇಶಿ ಮೂಲದ ಸಂದೇಶ. ವಾಯ್ಸ್‌ಮೇಲ್ ಬದಲಿಸಲೂ ಸಿಗ್ನಲ್ ಬೇಕು. ಸಿಗ್ನಲ್ ಇದ್ದರೆ ನೇರವಾಗಿ ಸಹಾಯವನ್ನೇ ಕೇಳಬಹುದಲ್ಲ!

ಹಾಗಾದರೆ ದಾರಿ ತಪ್ಪಿದಾಗ ಏನು ಮಾಡಬೇಕು?

• ಗಾಬರಿಯಲ್ಲಿ ಓಡಾಡಬೇಡಿ. ತೆರೆದ ಜಾಗದಲ್ಲಿ ನಿಂತು ಫೋನಿಗೆ ಕೆಲವು ನಿಮಿಷ ಕೊಡಿ.
• ಗೂಗಲ್ ಮ್ಯಾಪ್ಸ್‌ನಲ್ಲಿ ನೀಲಿ ಚುಕ್ಕೆಯ ಮೇಲೆ ಬೆರಳು ಒತ್ತಿ ಹಿಡಿದರೆ ಅಂಕಿಗಳು ಕಾಣುತ್ತವೆ. ಐಫೋನಿನ ದಿಕ್ಸೂಚಿ ಆಪ್‌ನಲ್ಲೂ ಕಾಣುತ್ತವೆ. ಕಾಗದದಲ್ಲಿ ಬರೆದುಕೊಳ್ಳಿ.
• ಕರೆ ಹೋಗದ ಕಡೆಯೂ ಕೆಲವೊಮ್ಮೆ ಸಾಮಾನ್ಯ ಎಸ್‌ಎಂಎಸ್ ಹೋಗುತ್ತದೆ. ಅಂಕಿಗಳನ್ನು, ಸಮಯವನ್ನು, ಎಷ್ಟು ಜನ ಇದ್ದೀರಿ ಎಂಬುದನ್ನು ಬರೆದು ಮನೆಯವರಿಗೆ ಕಳಿಸಿ.
• ಕಾಡಿನಲ್ಲಾದರೆ 112, ಕಡಲಿನಲ್ಲಾದರೆ ಕರಾವಳಿ ಕಾವಲು ಪಡೆಯ 1554 ಸಂಖ್ಯೆಗೆ ಕರೆ ಮಾಡಿ.
• ಸಿಗ್ನಲ್ ಇಲ್ಲದ ಕಡೆ ಟವರ್ ಹುಡುಕುತ್ತಲೇ ಫೋನಿನ ಬ್ಯಾಟರಿ ಬೇಗ ಇಳಿಯುತ್ತದೆ. ನಡೆಯುವಾಗ ಏರೋಪ್ಲೇನ್ ಮೋಡ್‌ನಲ್ಲಿಟ್ಟು, ಎತ್ತರದ ಜಾಗ ಸಿಕ್ಕಾಗ ತೆಗೆದು ನೋಡಿ.

ಎಲ್ಲಕ್ಕಿಂತ ಮೊದಲಿನ ಉಪಾಯಕ್ಕೆ ಫೋನೇ ಬೇಡ. ಎಲ್ಲಿಗೆ ಹೋಗುತ್ತಿದ್ದೀರಿ, ಎಷ್ಟು ಹೊತ್ತಿಗೆ ಬರುತ್ತೀರಿ, ಬಾರದಿದ್ದರೆ ಯಾರಿಗೆ ಹೇಳಬೇಕು ಎಂದು ಮನೆಯಲ್ಲಿ ಹೇಳಿ ಹೊರಡಿ.

ಸಮುದ್ರದಲ್ಲಿ ಈ ತೊಡಕಿಗೆ ಒಂದು ಪರಿಹಾರ ಬಂದಿದೆ. 2019ರಲ್ಲಿ ಕೇಂದ್ರ ಸರ್ಕಾರ ಬಿಡುಗಡೆ ಮಾಡಿದ ಜೆಮಿನಿ ಎಂಬ ಸಾಧನ ಭಾರತದ ಗಗನ್ ವ್ಯವಸ್ಥೆಯ ಉಪಗ್ರಹದಿಂದ ಚಂಡಮಾರುತ, ಎತ್ತರದ ಅಲೆ, ಮೀನು ಸಿಗುವ ಪ್ರದೇಶದ ಸೂಚನೆಗಳನ್ನು ಪಡೆದು ಬ್ಲೂಟೂತ್ ಮೂಲಕ ಮೀನುಗಾರರ ಫೋನಿಗೆ ಕೊಡುತ್ತದೆ. ಇದೂ ಕೇಳಿಸಿಕೊಳ್ಳುವ ಸಾಧನವೇ, ದಡಕ್ಕೆ ಸಂದೇಶ ಕಳಿಸುವುದಿಲ್ಲ.

"ಹಾಗಾದರೆ ಸ್ಯಾಟಲೈಟ್ ಫೋನ್ ತರಿಸಿಕೊಂಡರಾಯ್ತು" ಎಂದು ವಿದೇಶದಲ್ಲಿರುವ ಬಂಧುಗಳಿಗೆ ಹೇಳಬೇಡಿ. ಭಾರತದಲ್ಲಿ ಸರ್ಕಾರದ ಅನುಮತಿಯಿಲ್ಲದೆ ಥುರಾಯಾ, ಇರಿಡಿಯಂ ಫೋನುಗಳನ್ನು ಇಟ್ಟುಕೊಳ್ಳುವುದು, ಬಳಸುವುದು ಅಪರಾಧ. ಉಪಗ್ರಹದ ಮೂಲಕ ಸಂದೇಶ ಕಳಿಸುವ ಚಾರಣದ ಸಾಧನಗಳಿಗೂ ಇದೇ ತೊಂದರೆ. ಮಾಮೂಲಿ ಫೋನಿನ ಜಿಪಿಎಸ್‌ಗೆ ಇಂಥ ನಿರ್ಬಂಧ ಇಲ್ಲ.

"ನಿಧಿ ತೋರಿಸುವ ಆಪ್" ನಿಜವೇ?

ಜಿಯೋಕ್ಯಾಶಿಂಗ್ ಅನ್ನು ಕನ್ನಡದಲ್ಲಿ "ನಿಧಿ ಹುಡುಕುವ ಆಟ" ಎಂದು ಹೇಳುವುದುಂಟು. ನಮ್ಮಲ್ಲಿ ನಿಧಿ ಎಂಬ ಮಾತಿಗೆ ಬೇರೆಯದೇ ಭಾರ ಇದೆ. ನಿಧಿಯ ಆಸೆಗೆ ಹಳೆಯ ಗುಡಿ, ಬಸದಿ, ಕೋಟೆಗಳನ್ನು ಅಗೆದ ಸುದ್ದಿ ರಾಜ್ಯದಲ್ಲಿ ಆಗಾಗ ಬರುತ್ತಲೇ ಇರುತ್ತದೆ. ಇದಕ್ಕೆ ಈಗ ಚಿನ್ನ ತೋರಿಸುವ ಆಪ್‌ಗಳ ವಿಡಿಯೋಗಳೂ ಸೇರಿವೆ.

ಆ ಆಪ್‌ಗಳು ಬಳಸುವುದು ಮೇಲೆ ಹೇಳಿದ ಕಾಂತಸಂವೇದಕವನ್ನೇ. ಅದು ಭೂಮಿಯ ಕಾಂತಕ್ಷೇತ್ರವನ್ನು ಅಳೆಯುತ್ತದೆ. ನಮ್ಮ ಭಾಗದಲ್ಲಿ ಅದು ಸುಮಾರು 40 ಮೈಕ್ರೊಟೆಸ್ಲಾ. ಹತ್ತಿರದಲ್ಲಿ ಕಬ್ಬಿಣ ಅಥವಾ ಆಯಸ್ಕಾಂತ ಇದ್ದರೆ ಸಂಖ್ಯೆ ಬದಲಾಗುತ್ತದೆ, ಆಪ್ "ಬೀಪ್" ಎನ್ನುತ್ತದೆ. ಚಿನ್ನ, ಬೆಳ್ಳಿ, ತಾಮ್ರಗಳನ್ನು ಆಯಸ್ಕಾಂತ ಸೆಳೆಯುವುದಿಲ್ಲ. ಆದ್ದರಿಂದ ಫೋನಿಗೆ ಅವು ಕಾಣುವುದೇ ಇಲ್ಲ. ಮನೆಯಲ್ಲಿರುವ ಚಿನ್ನದ ಉಂಗುರ ಮತ್ತು ಒಂದು ಕಬ್ಬಿಣದ ಕತ್ತಿಯ ಹತ್ತಿರ ಆಪ್ ಹಿಡಿದು ನೋಡಿದರೆ ಗುಟ್ಟು ತಿಳಿಯುತ್ತದೆ. ಇನ್ನು ಜಿಪಿಎಸ್‌ಗೆ ನೆಲದಡಿ ನೋಡುವ ಶಕ್ತಿ ಇಲ್ಲವೇ ಇಲ್ಲ.

ಕಾನೂನೂ ಸ್ಪಷ್ಟ. ನೆಲದಲ್ಲಿ ಹೂತ ಬೆಲೆಬಾಳುವ ವಸ್ತು ಸಿಕ್ಕರೆ ಸರ್ಕಾರಕ್ಕೆ ತಿಳಿಸಬೇಕು ಎಂಬ ನಿಯಮ 1878ರ ನಿಧಿ ಕಾಯ್ದೆಯ ಕಾಲದಿಂದಲೂ ಇದೆ. ಸಂರಕ್ಷಿತ ಸ್ಮಾರಕಗಳಲ್ಲಿ ಅನುಮತಿಯಿಲ್ಲದೆ ಅಗೆಯುವುದು ಅಪರಾಧ. ಕುಮಟಾದ ಮಿರ್ಜಾನ್ ಕೋಟೆ, ಗೇರುಸೊಪ್ಪೆಯ ಚತುರ್ಮುಖ ಬಸದಿ ಎರಡೂ ಇಂಥ ಸ್ಮಾರಕಗಳೇ.

ಜಿಯೋಕ್ಯಾಶಿಂಗ್‌ನ ನಿಯಮವೂ ಇದನ್ನೇ ಹೇಳುತ್ತದೆ: ಡಬ್ಬಿ ಇಡಲು ನೆಲ ಅಗೆಯುವಂತಿಲ್ಲ, ಜಾಗದ ಒಡೆಯರ ಒಪ್ಪಿಗೆ ಬೇಕು. ಯಾರಾದರೂ ಈ ಆಟದ ಹೆಸರು ಹೇಳಿ ಗುದ್ದಲಿ ಹಿಡಿದರೆ ಅದು ಜಿಯೋಕ್ಯಾಶಿಂಗ್ ಅಲ್ಲ.

ನಮ್ಮೂರಲ್ಲಿ ಆಡುವುದಾದರೆ

ಡಬ್ಬಿಯ ವಿಷಯದಲ್ಲಿ ಎಚ್ಚರ ಬೇಕು. ವಾರಸುದಾರರಿಲ್ಲದ ವಸ್ತು ಕಂಡರೆ ಮುಟ್ಟಬೇಡಿ, ಪೊಲೀಸರಿಗೆ ತಿಳಿಸಿ ಎಂದು ಬಸ್ ನಿಲ್ದಾಣದಲ್ಲಿ, ರೈಲಿನಲ್ಲಿ ಕೇಳುತ್ತಲೇ ಇರುತ್ತೇವೆ. ಆ ಮಾತು ಸರಿ. 2011ರಲ್ಲಿ ಇಂಗ್ಲೆಂಡಿನ ವೆದರ್‌ಬಿ ಎಂಬ ಪಟ್ಟಣದಲ್ಲಿ ಇಂಥದೇ ಒಂದು ಡಬ್ಬಿಯನ್ನು ಬಾಂಬ್ ಎಂದು ಶಂಕಿಸಿ ಬಾಂಬ್ ನಿಷ್ಕ್ರಿಯ ದಳ ಅದನ್ನು ಸ್ಫೋಟಿಸಿತು. ರೈಲು ನಿಲ್ದಾಣ, ಸೇತುವೆ, ಬಂದರು, ದೇವಸ್ಥಾನ, ಮಸೀದಿ, ಚರ್ಚುಗಳ ಬಳಿ ಡಬ್ಬಿ ಇಡುವ ಯೋಚನೆಯೇ ಬೇಡ. ನೆಲದೊಡೆಯರಿಗೆ ತಿಳಿಯದೆ ತೋಟಕ್ಕೆ, ಅನುಮತಿಯಿಲ್ಲದೆ ಅಭಯಾರಣ್ಯಕ್ಕೆ ಹೋಗಬೇಡಿ. ಕಡಲತೀರದ ಬಂಡೆಗಳಲ್ಲಿ ಹುಡುಕುವಾಗ ಭರತ-ಇಳಿತದ ಹೊತ್ತು ತಿಳಿದಿರಲಿ, ಮಳೆಗಾಲದಲ್ಲಿ ಅತ್ತ ಹೋಗಲೇಬೇಡಿ. ಫೋನಿನ ಬಾಣಕ್ಕೆ ಅಲೆ ಬರುವುದು ಕಾಣುವುದಿಲ್ಲ.

ಡಬ್ಬಿಯೇ ಇಲ್ಲದೆಯೂ ಆಡಬಹುದು. ಈ ಆಟದಲ್ಲೇ ಅರ್ತ್‌ಕ್ಯಾಶ್ ಎಂಬ ಬಗೆ ಇದೆ. ಅಲ್ಲಿ ಹುಡುಕಬೇಕಾದದ್ದು ಡಬ್ಬಿಯಲ್ಲ, ನೆಲದ ಒಂದು ವಿಶೇಷ. ಜಾಗಕ್ಕೆ ಹೋಗಿ ಕಲ್ಲು, ಮಣ್ಣು, ನೀರಿನ ಬಗ್ಗೆ ಕೇಳಿದ ಪ್ರಶ್ನೆಗೆ ಉತ್ತರ ಬರೆಯಬೇಕು. ಕೆಂಪು ಚಿರೆಕಲ್ಲಿನ ಬೆಟ್ಟ, ಗಜನಿ, ಅಳಿವೆ, ಕಾಂಡ್ಲಾ ಎಲ್ಲವೂ ಇರುವ ನಮ್ಮ ಕರಾವಳಿಗೆ ಹೇಳಿ ಮಾಡಿಸಿದ ಆಟ.

ರಜೆಯಲ್ಲಿ ಮಕ್ಕಳೊಂದಿಗೆ ಹೀಗೆ ಮಾಡಿ ನೋಡಿ. ಊರಿನಲ್ಲೇ, ಎಲ್ಲರೂ ಓಡಾಡುವ ಐದು ಜಾಗ ಆರಿಸಿ: ಶಾಲೆಯ ಗೇಟು, ಗ್ರಂಥಾಲಯ, ಸಂತೆ ಕಟ್ಟೆ, ಹಳೆಯ ಆಲದಮರ, ಅಂಚೆ ಪೆಟ್ಟಿಗೆ. ಪ್ರತಿಯೊಂದರ ಅಂಕಿ ಬರೆದುಕೊಂಡು ಚೀಟಿ ಮಾಡಿ. ಮಕ್ಕಳ ಗುಂಪಿನೊಂದಿಗೆ ದೊಡ್ಡವರೊಬ್ಬರು ಹೋಗಲಿ. ಫೋನ್ ಏರೋಪ್ಲೇನ್ ಮೋಡ್‌ನಲ್ಲಿರಲಿ, ಆಫ್‌ಲೈನ್ ನಕ್ಷೆ ಮೊದಲೇ ಇಳಿಸಿರಲಿ. ಜಾಗ ಸಿಕ್ಕಾಗ ಒಂದು ಫೋಟೊ ತೆಗೆದು, ತಾವು ನಿಂತ ಜಾಗದ ಅಂಕಿಯನ್ನು ಕಾಗದದಲ್ಲಿ ಬರೆಯಲಿ. ಕೊನೆಗೆ ಒಬ್ಬರು ಆ ಅಂಕಿಗಳನ್ನು ಗಟ್ಟಿಯಾಗಿ ಓದಲಿ, ಇನ್ನೊಬ್ಬರು ಕೇಳಿ ಬರೆದುಕೊಳ್ಳಲಿ. ತಪ್ಪುಗಳು ಹೆಚ್ಚಾಗಿ ಈ ಕೊನೆಯ ಹೆಜ್ಜೆಯಲ್ಲೇ ಆಗುತ್ತವೆ. ಆಟದಲ್ಲಿ ತಪ್ಪಿದರೆ ನಗಬಹುದು, ತಿದ್ದಿಕೊಳ್ಳಬಹುದು.

ಫಾರ್ವರ್ಡ್ ಮಾಡುವುದಾದರೆ ಇಷ್ಟನ್ನು ಮಾಡಿ

• ಜಿಪಿಎಸ್‌ಗೆ ಇಂಟರ್‌ನೆಟ್ ಬೇಡ. ನಕ್ಷೆಗೆ ಬೇಕು. ಹೊರಡುವ ಮುನ್ನ ಆಫ್‌ಲೈನ್ ನಕ್ಷೆ ಇಳಿಸಿಕೊಳ್ಳಿ.
• ನೆಟ್ ಇಲ್ಲದಾಗ ಸ್ಥಾನ ಸಿಗಲು ಕೆಲವು ನಿಮಿಷ ಹಿಡಿಯುತ್ತದೆ. ತೆರೆದ ಜಾಗದಲ್ಲಿ ಕಾಯಿರಿ.
• ಫೋನಿಗೆ ನಿಮ್ಮ ಜಾಗ ಗೊತ್ತಿದ್ದರೆ ಸಾಲದು. ಟವರ್ ಇಲ್ಲದೆ ಅದು ಯಾರಿಗೂ ತಲುಪುವುದಿಲ್ಲ. ಹೋಗುವ ಜಾಗ, ಬರುವ ಹೊತ್ತು ಮನೆಯಲ್ಲಿ ಹೇಳಿ.
• ಅಂಕಿ ಹೇಳುವಾಗ ಚಿಕ್ಕದು ಮೊದಲು, ಚುಕ್ಕೆಯ ನಂತರ ನಾಲ್ಕೈದು ಅಂಕಿ, ಬರೆದುಕೊಂಡದ್ದನ್ನು ಮತ್ತೊಮ್ಮೆ ಓದಿಸಿ.
• ತುರ್ತಿಗೆ 112, ಸಮುದ್ರದಲ್ಲಿ 1554. ಯಾವ ಟವರೂ ಇಲ್ಲದ ಕಡೆ ಈ ಕರೆಗಳೂ ಹೋಗುವುದಿಲ್ಲ.
• ಚಿನ್ನ ತೋರಿಸುವ ಆಪ್ ಎಂಬುದಿಲ್ಲ.